ಮೆಂತ್ಯ ಪಲ್ಯ ಬಿಟ್ಟವರು

ನಾಯಿಯೆಂದರೆ ತನಗೆ ಜೀವ ಬಾಯಿಗೆ ಬರುವಷ್ಟು ಹೆದರಿಕೆ ಎಂಬ ಮಾತನ್ನು ಐಶ್ವರ್ಯ ಇದುವರೆಗೆ ಒಬ್ಬರಿಗೆ ಮಾತ್ರ ಹೇಳಿದ್ದಳು, ತನಗೆ. ಅದೂ ಬಚ್ಚಲಮನೆಯ ಬಾಗಿಲು ಹಾಕಿಕೊಂಡು, ಮನಸ್ಸಿನಲ್ಲಿ. ಅವಳ ಒಬ್ಬಳೇ ಗೆಳತಿ ಲಲಿತಾಳಿಗೆ ಗೊತ್ತಿದ್ದದ್ದು ಬೇರೆ. ಲಲಿತಾ ತನ್ನ ನಾಯಿ ಟೈಗರನ ಫೋಟೊ ಕಳಿಸಿದಾಗಲೆಲ್ಲ ಐಶ್ವರ್ಯ ‘ನನಗ ನಾಯಿ ಅಂದ್ರ ಪಂಚಪ್ರಾಣ’ ಎಂದು ಬರೆದು ಮುಂದೆ ಕೆಂಪು ಹೃದಯ ಹಚ್ಚುತ್ತಿದ್ದಳು. ಫೋನಿನೊಳಗಿನ ನಾಯಿ ಕಚ್ಚುವುದಿಲ್ಲವಲ್ಲ. ಇದ್ದೊಬ್ಬ ಗೆಳತಿಯನ್ನು ಕಳೆದುಕೊಳ್ಳುವುದಕ್ಕಿಂತ ಒಂದು ಸುಳ್ಳನ್ನು ಸಾಕುವುದು ವಾಸಿ ಎಂದುಕೊಂಡಿದ್ದಳು.

ಆ ಸುಳ್ಳು ಮಹಾಲಯ ಅಮಾವಾಸ್ಯೆಯ ಬೆಳಗ್ಗೆ ನಾಲ್ಕು ಕಾಲಿನ ಮೇಲೆ ನಡೆದು ಮನೆಗೆ ಬಂತು.

ಕುಷ್ಟಗಿಯ ಆ ಓಣಿಯಲ್ಲಿ ಅವತ್ತು ಮನೆಮನೆಯಿಂದಲೂ ಹೋಳಿಗೆಯ ಘಮ. ಮಳೆ ಹಿಂದೆ ಸರಿದು ಬಿಸಿಲು ಹದವಾಗಿತ್ತು. ಐಶ್ವರ್ಯಳ ಅಪ್ಪ ಅವ್ವ ಹಿರಿಯರ ಹಬ್ಬಕ್ಕೆಂದು ಅಳವಂಡಿಯ ದೊಡ್ಡಪ್ಪನ ಮನೆಗೆ ಹೋಗಿದ್ದರು. ಪರೀಕ್ಷೆಗೆ ಓದಬೇಕೆಂಬ ನೆಪ ಹೇಳಿ ಇವಳು ಉಳಿದಿದ್ದಳು. ಬಂಧುಗಳ ಮನೆಯಲ್ಲಿ ‘ಮದುವಿ ಯಾವಾಗ’ ಎಂದು ಕೇಳಿಸಿಕೊಳ್ಳುವುದು ಅವಳ ಎರಡನೆಯ ಹೆದರಿಕೆ. ಮೊದಲನೆಯದು ಈಗ ಕಟ್ಟೆಯ ಮುಂದೆ ನಾಲಿಗೆ ಚಾಚಿ ನಿಂತಿತ್ತು. ಕರಿ ಮೈ, ಸೌದೆ ಕೊರಡಿನಂಥ ತಲೆ.

“ಎಡಿ ಇಡೂತನ ಇವನ್ನ ಹಿಡಕೊಂಡಿರ, ಐಶೂ. ಮನ್ಯಾಗಿದ್ರ ಒಂದೂ ಉಳಿಸಂಗಿಲ್ಲ,” ಎಂದು ಲಲಿತಾ ಸರಪಳಿಯನ್ನು ಅವಳ ಕೈಗಿಟ್ಟಳು.

ಈ ಸಲ ಎಡೆ ಕೆಡಬಾರದು ಎಂದು ಅವಸರವಸರವಾಗಿ ಹೇಳಿದಳು. ಹೋದ ವರ್ಷ ಇಟ್ಟ ಎಡೆ ಇಟ್ಟ ಹಾಗೇ ಇತ್ತಂತೆ. ತೀರಿಕೊಂಡ ಗಂಡ ಕೊಟ್ರಪ್ಪ ಸಿಟ್ಟಾಗಿದ್ದಾರೆ ಎಂದು ಅಜ್ಜಿ ಪಾರ್ವತೆಮ್ಮ ಅವತ್ತಿನಿಂದ ಸರಿಯಾಗಿ ಉಂಡಿಲ್ಲವಂತೆ. ಇಷ್ಟು ಹೇಳಿ ಲಲಿತಾ ಓಡಿಹೋದಳು.

ಐಶ್ವರ್ಯ ಕರೆಂಟಿನ ತಂತಿ ಹಿಡಿದವಳಂತೆ ಸರಪಳಿ ಹಿಡಿದು ನಿಂತಳು. ನಾಯಿ ತರುತ್ತೇನೆಂದು ಲಲಿತಾ ಫೋನ್ ಮಾಡಿದ ಕೂಡಲೇ ಮುಂಜಾಗ್ರತೆಗೆಂದು ಕುರ್ತಾದ ಕಿಸೆಯಲ್ಲಿ ಬಿಸ್ಕೀಟು ತುಂಬಿಕೊಂಡಿದ್ದಳು. ಆದರೆ ಅದನ್ನು ಕೊಡಬೇಕೆಂದರೆ ಕೈಯನ್ನು ಬಾಯಿಯ ಹತ್ತಿರ ಒಯ್ಯಬೇಕಲ್ಲ. ಅಷ್ಟರಲ್ಲಿ ಟೈಗರ ಆಕಳಿಸಿದ. ಅವಳಿಗೆ ಕಂಡದ್ದು ಹಲ್ಲು ಮಾತ್ರ. ಸರಪಳಿ ತಾನಾಗಿ ಕೈಬಿಟ್ಟಿತು.

ಟೈಗರ ಕೆಳಗೆ ಬಿದ್ದ ಸರಪಳಿಯನ್ನು ನೋಡಿದ, ಅವಳನ್ನು ನೋಡಿದ. ಆಮೇಲೆ ಅದನ್ನು ತಾನೇ ಬಾಯಲ್ಲಿ ಕಚ್ಚಿಕೊಂಡು, ಕೊಡೆ ಹಿಡಿದು ಹೊರಟ ಸಾಹುಕಾರನಂತೆ ಹೋಳಿಗೆಯ ವಾಸನೆಯ ದಿಕ್ಕಿಗೆ ಹೊರಟುಬಿಟ್ಟ.

“ಟೈಗರಾ… ಬಾರಪಾ…” ಎಂದು ಅವಳು ಹಿಂದೆ ಹೋದಳು. ತನ್ನ ದನಿ ಅವನಿಗೆ ಕೇಳಿಸಬಾರದು ಎನ್ನುವಷ್ಟು ಮೆಲ್ಲಗೆ ಕರೆಯುತ್ತಿದ್ದಳು.

ಲಲಿತಾಳ ಮನೆಯ ಪದ್ಧತಿ ಹೀಗಿತ್ತು. ಹಿರಿಯರ ಫೋಟೊದ ಮುಂದೆ ಎಡೆ ಇಟ್ಟ ಮೇಲೆ ಕೋಣೆಯ ಬಾಗಿಲು ಮುಂದೆ ಮಾಡಿ ಎಲ್ಲರೂ ಪಡಸಾಲೆಯಲ್ಲಿ ಕೂಡಬೇಕು. ಹಿರಿಯರು ಬಂದು ಉಂಡು ಹೋಗುವ ತನಕ ಯಾರೂ ತುಟಿ ಬಿಚ್ಚಬಾರದು. ಐಶ್ವರ್ಯ ಹೊಸ್ತಿಲು ದಾಟುವುದಕ್ಕೂ ಪಾರ್ವತೆಮ್ಮ ಊದುಬತ್ತಿ ಸಿಕ್ಕಿಸಿ ಹಿಮ್ಮುಖವಾಗಿ ಹೊರಗೆ ಬರುವುದಕ್ಕೂ ಸರಿಹೋಯಿತು. ಅಜ್ಜಿಯ ಸೀರೆಯ ಬದಿಯಿಂದ ಒಂದು ಕರಿ ಬಾಲ ಒಳಗೆ ಜಾರಿತು.

ಐಶ್ವರ್ಯ ಕೈ ಎತ್ತಿದಳು. ಅಜ್ಜಿ ಅದನ್ನು ನಮಸ್ಕಾರ ಎಂದು ತಿಳಿದು, ತುಟಿಯ ಮೇಲೆ ಬೆರಳಿಟ್ಟು, ಕೂಡು ಎಂದು ಸನ್ನೆ ಮಾಡಿ ಬಾಗಿಲು ಎಳೆದಳು.

ಪಡಸಾಲೆಯಲ್ಲಿ ಲಲಿತಾ, ಅವಳ ಅಪ್ಪ ಬಸವಕುಮಾರ, ಹಬ್ಬದ ಊಟಕ್ಕೆ ಬಂದಿದ್ದ ಪಕ್ಕದ ಮನೆಯ ಬಾನುಬೀ ಸಾಲಾಗಿ ಕೂತಿದ್ದರು. ಐಶ್ವರ್ಯಳೂ ಕೂತಳು. ಈಗ ಹೇಳಿದರೆ ನಾಯಿಗೆ ಹೆದರಿ ಸರಪಳಿ ಬಿಟ್ಟದ್ದು ಬಯಲಾಗುತ್ತದೆ, ಗೆಳತಿ ಹೋಗುತ್ತಾಳೆ. ಹೇಳದಿದ್ದರೆ ಅಜ್ಜಿಯ ಎಡೆ ಹೋಗುತ್ತದೆ.

ಒಳಗಿನಿಂದ ಸಪ್ಪಳ ಬಂತು. ಝಣ್. ಸ್ವಲ್ಪ ತಡೆದು, ಝಣ್ ಝಣ್.

ಬಸವಕುಮಾರ ಮೆಣಸಿನಕಾಯಿ ವ್ಯಾಪಾರದಲ್ಲಿ ಎಂಥವರನ್ನೂ ದಬಾಯಿಸುವ ಗಂಡಸು. ಅವನ ಮುಖ ಸುಣ್ಣದಂತಾಯಿತು. “ಸರಪಳಿ… ಯಮನ ಕಡಿಂದ ಬಿಡಿಸ್ಕೊಂಡು ಬಂದಾನ ನಮ್ಮಪ್ಪ,” ಎಂದು ಪಿಸುಗುಟ್ಟಿದ.

ಆಮೇಲೆ ಚಪ್ಪರಿಸುವ ಸಪ್ಪಳ. ಹಿಂದೆಯೇ ಯಾರೋ ಖಾರ ಹತ್ತಿದವರು ಉಸ್ ಎಂದಂತೆ. ಲೊಚಲೊಚನೆ ನೀರು ಕುಡಿದ ಸಪ್ಪಳ, ತಂಬಿಗೆ ಠಣ್ಣನೆ ಉರುಳಿತು.

“ಮಿರ್ಚಿ ಖಾರ ಆತೇನ್ರಿ?” ಎಂದು ಪಾರ್ವತೆಮ್ಮ ಬಾಗಿಲಿಗೆ ಬಾಯಿಟ್ಟು ಕೇಳಿದಳು. ತಾನೇ ಹಾಕಿದ ಮೌನದ ನೇಮ ಮರೆತುಹೋಗಿತ್ತು.

ಒಳಗಿನಿಂದ ಒಂದು ಗುರ್ ಬಂತು.

ಅದರೊಂದಿಗೆ ಪಡಸಾಲೆಯ ಧೈರ್ಯವೆಲ್ಲ ಕುಸಿಯಿತು. ಬಸವಕುಮಾರ ಎರಡೂ ಕೈ ಜೋಡಿಸಿ, “ಅಪ್ಪಾ, ನಿನ್ನ ರೇಡಿಯೋ ಕಳುವಾಗಿರಲಿಲ್ಲೋ. ನಾನ ಕೆಡವಿ ಒಡದಿದ್ದೆ,” ಎಂದ. ಬಾನುಬೀ ಸೆರಗು ತಲೆಗೆಳೆದುಕೊಂಡು, ಮದುವೆಗೆಂದು ಒಯ್ದ ಹಿತ್ತಾಳೆ ಕೊಳಗ ಇನ್ನೂ ತಮ್ಮ ಮನೆಯಲ್ಲೇ ಇದೆಯೆಂದೂ ಸಂಜೆಯೊಳಗೆ ತಂದಿಡುವೆನೆಂದೂ ಅಲ್ಲಾನ ಮೇಲೆ ಆಣೆಯಿಟ್ಟಳು. ಲಲಿತಾ ಕೂಡ ಏನೋ ಒಪ್ಪಿಕೊಳ್ಳಲು ಬಾಯಿ ತೆರೆದು, ಅಪ್ಪನನ್ನು ನೋಡಿ ಮುಚ್ಚಿಕೊಂಡಳು. ಸತ್ತವರಿಗೆ ಹೆದರಿ ಎಲ್ಲರೂ ನಿಜ ನುಡಿಯುತ್ತಿದ್ದರು. ಒಳಗಿರುವುದು ಯಾರೆಂದು ಗೊತ್ತಿದ್ದವಳಿಗೆ ಮಾತ್ರ ಮಾತು ಹೊರಡಲಿಲ್ಲ. ಗೊತ್ತಿದ್ದೂ ಹೆಚ್ಚು ನಡುಗುತ್ತಿದ್ದವಳು ಅವಳೇ.

ಸಪ್ಪಳ ನಿಂತಿತು. ಅಜ್ಜಿ ‘ತಾಯಿ ಹುಲಿಗೆಮ್ಮಾ’ ಎಂದು ಬಾಗಿಲು ತಳ್ಳಿದಳು.

ಎಲೆ ನೆಕ್ಕಿ ಒರೆಸಿದಂತಿತ್ತು. ಹೋಳಿಗೆ ಇಲ್ಲ, ಕರ್ಚಿಕಾಯಿ ಇಲ್ಲ, ಮಿರ್ಚಿ ಭಜಿ ಇಲ್ಲ. ಒಂದು ಮೂಲೆಯಲ್ಲಿ ಮೆಂತ್ಯ ಪಲ್ಯ ಮಾತ್ರ ಇಟ್ಟ ಹಾಗೇ ಇತ್ತು. ಮಂಚದ ಕೆಳಗೆ, ಅಜ್ಜನಿಗೆಂದು ತಂದಿಟ್ಟ ಹೊಸ ಧೋತರದ ಮೇಲೆ, ಟೈಗರ ಹೊಟ್ಟೆ ಮೇಲೆ ಮಾಡಿ ಮಲಗಿದ್ದ.

ಎಲ್ಲರೂ ಒಟ್ಟಿಗೆ ಐಶ್ವರ್ಯಳ ಕಡೆ ತಿರುಗಿದರು. ಮುಗಿಯಿತು ಎಂದು ಅವಳು ಕಣ್ಣು ಮುಚ್ಚಿದಳು. ಬೈಗುಳದ ದಾರಿ ಕಾದಳು. ಬರಲಿಲ್ಲ. ಕಣ್ಣು ತೆರೆದರೆ ಪಾರ್ವತೆಮ್ಮ ನಾಯಿಯನ್ನಲ್ಲ, ಎಲೆಯನ್ನು ನೋಡುತ್ತಿದ್ದಳು.

“ಮೆಂತೆ ಪಲ್ಲೆ ಮುಟ್ಟಿಲ್ಲ,” ಎಂದಳು. “ಲಗ್ನಾದಾಗಿಂದ ಒಂದ ದಿನಾನೂ ಮೆಂತೆ ಪಲ್ಲೆ ಮುಟ್ಟಿದವರಲ್ಲ ಇವ್ರು.”

ಬಾನುಬೀಗೆ ತಕ್ಷಣ ನೆನಪಾಯಿತು. ಕೊಟ್ರಪ್ಪಣ್ಣ ನೀರು ಕುಡಿದರೆ ಹೀಗೆಯೇ ಓಣಿಗೆಲ್ಲ ಕೇಳಿಸುತ್ತಿತ್ತು, ಉಂಡ ಕೂಡಲೇ ಹೀಗೆಯೇ ಕಾಲು ಚಾಚುತ್ತಿದ್ದ. ಅಪ್ಪ ಹೋದ ಮೇಲೆಯೇ ಅಲ್ಲವೇ ಈ ನಾಯಿ ಕರೆಯದೆ ಮನೆ ಹೊಕ್ಕಿದ್ದು ಎಂದು ಬಸವಕುಮಾರ ಲೆಕ್ಕ ಹಾಕಿದ. ಹಾಕಿದವನೇ, ನಿನ್ನೆಯಷ್ಟೇ ಅದನ್ನು ಒದ್ದದ್ದು ನೆನಪಾಗಿ, ಮಂಚದ ಕೆಳಗೆ ತಲೆ ತೂರಿಸಿ ಅಡ್ಡಬಿದ್ದ. ಅಜ್ಜಿ ಅಳುತ್ತ ನಗುತ್ತ ಮೆಂತ್ಯ ಪಲ್ಯವನ್ನು ತಾನೇ ಬಾಯಿಗಿಟ್ಟುಕೊಂಡಳು. ಒಂದು ವರ್ಷದ ಮೇಲೆ ಅವಳು ಹೀಗೆ ಬಾಯಿ ತುಂಬ ತಿಂದದ್ದು.

ಬದುಕಿದೆ ಎಂದುಕೊಂಡಳು ಐಶ್ವರ್ಯ. ಅಷ್ಟರಲ್ಲಿ ಟೈಗರ ಎದ್ದು, ಧೋತರವನ್ನು ಹೆಗಲ ಮೇಲೆ ಎಳೆದುಕೊಂಡೇ, ಬಿಸ್ಕೀಟಿನ ವಾಸನೆ ಹಿಡಿದು ನೇರ ಅವಳ ಹತ್ತಿರ ಬಂದ. ಅವಳ ಪಾದದ ಮೇಲೆ ಗದ್ದ ಊರಿ ಮಲಗಿದ.

“ನೋಡ್ರಿ, ಯಾರನ್ನ ಒಪ್ಪಿದ್ರು,” ಎಂದಳು ಅಜ್ಜಿ. ನಾಳೆಯಿಂದ ಮನೆಯಲ್ಲಿ ದಸರೆಯ ಸುಣ್ಣಬಣ್ಣ, ಆ ಗದ್ದಲದಲ್ಲಿ ಇವರಿಗೆ ನಿದ್ದೆ ಬರುವುದಿಲ್ಲ, ಹಬ್ಬ ಮುಗಿಯುವ ತನಕ ಇವರು ಐಶ್ವರ್ಯಳ ಮನೆಯಲ್ಲೇ ಇರಲಿ ಎಂದು ಅಲ್ಲೇ ತೀರ್ಮಾನ ಆಯಿತು.

“ಚಿಂತಿ ಬ್ಯಾಡ ಅಜ್ಜಿ,” ಎಂದು ಲಲಿತಾ ಹೆಮ್ಮೆಯಿಂದ ಗೆಳತಿಯ ಹೆಗಲ ಮೇಲೆ ಕೈ ಹಾಕಿದಳು. “ಆಕಿಗೆ ನಾಯಿ ಅಂದ್ರ ಪಂಚಪ್ರಾಣ.”

ಪಾದದ ಮೇಲೆ ಬಿಸಿ ಉಸಿರು. ಕೈಯಲ್ಲಿ ಮತ್ತೆ ಸರಪಳಿ. ಐಶ್ವರ್ಯಳ ಗಂಟಲೊಳಗೆ ಎಷ್ಟೋ ದಿನದಿಂದ ಕೂತಿದ್ದದ್ದು ಕೊನೆಗೂ ಹೊರಗೆ ಬಂತು.

“ಅಜ್ಜಿ, ನನಗ ನಾಯಿ ಅಂದ್ರ ಭಾಳ ಅಂಜಿಕಿ.”

ಪಾರ್ವತೆಮ್ಮ ಅವಳ ಗಲ್ಲ ಸವರಿದಳು.

“ಅಂಜಿಕಿ ಇರಬೇಕ ಯವ್ವಾ. ನಾನೂ ಇವ್ರಿಗೆ ಅಂಜಿಕೋಂತನ ಬಾಳೇವು ಮಾಡೇನಿ. ಕಚ್ಚಂಗಿಲ್ಲ. ಬರೇ ಬೊಗಳ್ತಾರ.”