ಮಡಚುವ ಪ್ಯಾನೆಲ್ ಕೊಂಡವರು

ಮಣಿಪಾಲದ ನನ್ನ ಅಂಗಡಿಯಲ್ಲಿ ಮಡಚಿ ಒಯ್ಯುವ ಸೋಲಾರ್ ಪ್ಯಾನೆಲ್ ಇಟ್ಟಾಗಿನಿಂದ ಗಿರಾಕಿಗಳಿಗೆ ಬುದ್ಧಿ ಹೇಳುವ ಚಟ ನನಗೆ ಕಡಿಮೆಯಾಗಿದೆ. ಕಲಿಸಲು ಹೋಗಿ ನಾನೇ ಕಲಿತು ಮನೆಗೆ ಹೋಗುವ ದಿನಗಳೇ ಹೆಚ್ಚು.

ಕೆಟಲ್

ನಾಲ್ವರು ವಿದ್ಯಾರ್ಥಿಗಳು ಬಂದರು. ಬಜಗೋಳಿಯ ಆಚೆ ಕಾಡಿನ ಬದಿಯಲ್ಲಿ ಟೆಂಟ್ ಹಾಕುತ್ತಾರಂತೆ.

"ಪ್ಯಾನೆಲಿನಲ್ಲಿ ಎಂತೆಲ್ಲ ನಡೆಯಬೇಕು?" ಎಂದೆ.

ಫೋನು, ಲೈಟು, ಸ್ಪೀಕರು ಎಂದರು. ಅರವತ್ತು ವ್ಯಾಟಿನದು ಸಾಕೆಂದು ಕಟ್ಟಿಕೊಡಲು ಹೊರಟಾಗ ಒಬ್ಬಳು, "ಮತ್ತೆ ಟೀಗೆ ಒಂದು ಕೆಟಲ್" ಎಂದಳು. ಕೆಟಲ್ ಒಂದಕ್ಕೇ ಇಂಥ ಇಪ್ಪತ್ತೈದು ಪ್ಯಾನೆಲ್ ಬೇಕೆಂದು ಕಾಗದದಲ್ಲಿ ಬರೆದೇ ತೋರಿಸಿದೆ. ನಾಲ್ವರೂ ಗುಸುಗುಸು ಮಾತಾಡಿಕೊಂಡರು.

"ಪ್ಯಾನೆಲ್ ಬೇಡ ಸರ್. ಹೋಟೆಲಿನ ಪಕ್ಕದಲ್ಲೇ ಟೆಂಟ್ ಹಾಕ್ತೇವೆ."

ಆಕಾಶ ನೋಡುವ ಕೆಲಸ

ಕಾಪುವಿನಿಂದ ಗಂಡ ಹೆಂಡತಿ ಬಂದರು. ಗಂಡ ನಲವತ್ತು ವರ್ಷ ಮೀನಿನ ಬೋಟು ನಡೆಸಿದವರು, ಹೆಂಡತಿ ಬುಟ್ಟಿ ಹೊತ್ತು ಮೀನು ಮಾರಿದವರು. ಹಳೆಯ ವ್ಯಾನಿನಲ್ಲಿ ಹಾಸಿಗೆ, ಸಣ್ಣ ಫ್ರಿಜ್ ಕೂರಿಸಿ ಹತ್ತು ದಿನ ಘಟ್ಟದ ಮೇಲೆ ತಿರುಗುವ ಯೋಚನೆ. ಫ್ರಿಜ್ ಇದ್ದದ್ದು ಆಕೆಯ ಇನ್ಸುಲಿನ್‌ಗಾಗಿ. ಆ ಮದ್ದು ಕೆಟ್ಟರೆ ಅರ್ಧ ದಾರಿಯಿಂದ ವಾಪಸು. ಘಟ್ಟ ಹತ್ತುವುದು ಆಕೆಗೆ ಅದೇ ಮೊದಲು.

ಗಂಡ ಪ್ಯಾನೆಲನ್ನು ಬೆರಳಿನಿಂದ ಕುಟ್ಟಿ, "ಉಪ್ಪು ಗಾಳಿಗೆ ತಡೆಯುತ್ತದಾ?" ಎಂದರು. ನಾನು ಇನ್ನೂರು ವ್ಯಾಟಿನದು, ಜೊತೆಗೊಂದು ಬ್ಯಾಟರಿ ಆರಿಸಿ ಕೊಟ್ಟೆ.

"ಮೋಡ ಬಂದರೆ?" ಹೆಂಡತಿ ಕೇಳಿದರು.

"ಬ್ಯಾಟರಿ ಎರಡು ದಿನ ಎಳೆಯುತ್ತದೆ ಅಕ್ಕ. ಆಮೇಲೆ ಆಕಾಶ ನೋಡಬೇಕು."

"ಇವರು ಕಡಲಿಗೆ ಹೋದಾಗಲೆಲ್ಲ ನಾನು ಆಕಾಶ ನೋಡಿಕೊಂಡೇ ಕೂತದ್ದು. ಟೂರಿಗೆ ಹೋದರೂ ಅದೇ ಕೆಲಸವಾ?"

ಹೊಸ ಸಾಮಾನು

ಅವರು ಹೊರಟ ಮೂರನೆಯ ದಿನ ಮಧ್ಯಾಹ್ನ ಘಟ್ಟದ ಮೇಲಿನಿಂದ ಗಂಡನ ಫೋನು. ಫ್ರಿಜ್ ಆಫ್.

"ಬಿಸಿಲು ಉಂಟಾ?"

"ತಲೆ ಸುಡುವ ಹಾಗೆ ಉಂಟು."

ಸಾಕು ಎಂದು ಭರವಸೆ ಕೊಟ್ಟವನು ನಾನೇ. ವಯರು ನೋಡಿಸಿದೆ, ಪಿನ್ನು ತೆಗೆಸಿ ಹಾಕಿಸಿದೆ, ಯಾವುದೂ ತಪ್ಪಿಲ್ಲ. ಕೊನೆಗೆ ವೀಡಿಯೊ ಕಾಲ್ ಮಾಡಿ ಪ್ಯಾನೆಲ್ ತೋರಿಸಿ ಎಂದೆ. ವ್ಯಾನಿನ ಮೇಲೆ ನೀಲಿ ಟರ್ಪಾಲು ಕಾಣಿಸಿತು, ನಾಲ್ಕೂ ಮೂಲೆಗೆ ಬೋಟಿನ ಹಗ್ಗದ ಬಿಗಿಯಾದ ಗಂಟು.

"ಪ್ಯಾನೆಲ್ ಎಲ್ಲಿ?"

"ಅಡಿಯಲ್ಲಿ ಉಂಟು. ಹೊಸ ಸಾಮಾನು ಅಲ್ವಾ ಮಾರಾಯ್ರೆ, ಬಿಸಿಲಿಗೆ ಹಾಳಾಗಬಾರದು ಅಂತ ಹೊರಟ ದಿನವೇ ಮುಚ್ಚಿದ್ದೇನೆ."

ಮೊದಲು ಟರ್ಪಾಲು ಬಿಚ್ಚಿ ಎಂದೆ. ಒಂದು ಗಂಟೆ ವ್ಯಾಟು, ವೋಲ್ಟು ವಿವರಿಸಿದವನು ಬಿಸಿಲಿಗೆ ಇಡಿ ಎಂದು ಹೇಳಿರಲಿಲ್ಲ. ಟರ್ಪಾಲು ತೆಗೆದ ಸ್ವಲ್ಪ ಹೊತ್ತಿಗೆ ಫ್ರಿಜ್ಜಿನ ದೀಪ ಹತ್ತಿತು. ಒಳಗಿನ ಐಸ್ ಪ್ಯಾಕ್ ಇನ್ನೂ ಕರಗಿರಲಿಲ್ಲ, ಮದ್ದು ಉಳಿಯಿತು. ನನಗೆ ಜೀವ ಬಂತು.

ಅಷ್ಟರಲ್ಲಿ ಹೆಂಡತಿ ಫೋನು ಕಿತ್ತುಕೊಂಡರು.

"ಇವರು ಹೊಸ ಸಾಮಾನು ಯಾವುದನ್ನೂ ಬಿಸಿಲಿಗೆ ಬಿಡುವವರಲ್ಲ. ಮದುವೆಯಾಗಿ ಬಂದಾಗ ನಾನೂ ಹೊಸಬಳೇ ಅಲ್ವಾ? ನನಗೆ ಮಾತ್ರ ಮರುವಾರವೇ ಮೀನಿನ ಬುಟ್ಟಿ ಹೊರಿಸಿದ್ರು!"