ರಾಜಧಾನಿ ಯಾತ್ರೆಯ ತಾಲೀಮು

ರಾಜಧಾನಿಗೆ ಹೋಗಿಬರೋಣ ಎಂದು ಮನೆಯಲ್ಲಿ ಮೊದಲು ಬಾಯಿ ಬಿಟ್ಟವನು ಮೈಕಪ್ಪನೇ. ಹಾಗಾಗಿ ಮುಂದೆ ನಡೆದದ್ದಕ್ಕೆ ಅವನು ಬೇರೆ ಯಾರನ್ನೂ ದೂರುವಂತಿರಲಿಲ್ಲ. (ದೂರಿದ, ಅದು ಬೇರೆ ಮಾತು.) ಏಷ್ಯಾ ಖಂಡದ ದೊಡ್ಡ ರಾಜಧಾನಿಗಳಲ್ಲಿ ಅದೂ ಒಂದು. ನೆಲದೊಳಗೆ ಓಡುವ ರೈಲು, ತಲೆ ಎತ್ತಿ ನೋಡಿದರೆ ಕತ್ತು ಉಳುಕುವಂಥ ಕಟ್ಟಡ, ಒಂದು ದಿನದಲ್ಲಿ ನೋಡಿ ಮುಗಿಯದ ವಸ್ತುಸಂಗ್ರಹಾಲಯ ಎಲ್ಲವೂ ಅಲ್ಲಿದ್ದವು. ಮನೆಯವರು ಯಾರೂ ಅದನ್ನು ಕಣ್ಣಾರೆ ಕಂಡಿರಲಿಲ್ಲ. ಗಂಡ ಹೆಂಡತಿ ಇಬ್ಬರೇ ಆರಾಮಾಗಿ ಸುತ್ತಿ ಬರಬೇಕು ಎಂಬುದು ಮೈಕಪ್ಪನ ಆಸೆ. ಅದಕ್ಕೆ ಹೆಂಡತಿ ತನ್ನ ತಾಯಿಯನ್ನೂ ಸೇರಿಸಿಬಿಟ್ಟಳು.

“ಅಮ್ಮನೂ ಬರ್ತಾರೆ ರೀ. ಸ್ಕೂಲಲ್ಲಿ ಓದುವಾಗ ಭೂಪಟದಲ್ಲಿ ಆ ಊರಿನ ಮೇಲೆ ಬೆರಳಿಟ್ಟು, ಇಲ್ಲಿಗೆ ಹೋಗೇ ಹೋಗ್ತೀನಿ ಅಂದಿದ್ರಂತೆ. ಪಾಪ, ಇವತ್ತಿಗೂ ಆಗಿಲ್ಲ.”

“ಬೆರಳಿಟ್ಟ ಕಡೆಗೆಲ್ಲ ಹೋಗೋಕಾಗುತ್ತೇನೇ? ನಾನು ಉತ್ತರ ಧ್ರುವದ ಮೇಲೂ ಇಟ್ಟಿದ್ದೆ.”

“ನೀವು ಅಲ್ಲಿಗೇ ಹೋಗಿ. ನಾನೂ ಅಮ್ಮನೂ ರಾಜಧಾನಿಗೆ ಹೋಗಿ ಬರ್ತೀವಿ.”

ಮೈಕಪ್ಪ ಎಂಬುದು ಊರು ಇಟ್ಟ ಹೆಸರು. ಅವನು ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ಘೋಷಣೆ ಮಾಡುವವನು. ಗಾಜಿನ ಗೂಡಿನಂಥ ಕೋಣೆ, ಎದುರಿಗೊಂದು ಮೈಕು, ಬೆನ್ನಿಗೊಂದು ಫ್ಯಾನು. ಯಾವ ಬಸ್ಸು ಯಾವ ಅಂಕಣದಿಂದ ಹೊರಡುತ್ತದೆ, ಯಾರ ಮಗು ಕಾಣೆಯಾಗಿದೆ, ಯಾರ ಅಜ್ಜ ತಪ್ಪಿಸಿಕೊಂಡಿದ್ದಾನೆ ಎಂಬುದನ್ನೆಲ್ಲ ಅವನ ಗಂಟಲೇ ಲೋಕಕ್ಕೆ ಸಾರಬೇಕು. ಇದರಿಂದ ಅವನ ತಲೆಯಲ್ಲಿ ಎರಡು ಸಿದ್ಧಾಂತಗಳು ಗಟ್ಟಿಯಾಗಿ ಕೂತಿದ್ದವು. ಮನುಷ್ಯರಲ್ಲಿ ತಪ್ಪಿಸಿಕೊಳ್ಳುವವರದು ಒಂದು ಜಾತಿ, ಅವರನ್ನು ಹುಡುಕಿಸಿಕೊಡುವವರದು ಇನ್ನೊಂದು ಜಾತಿ. ತಾನು ಎರಡನೆಯದಕ್ಕೆ ಸೇರಿದವನು. ಇನ್ನೊಂದು ಸಿದ್ಧಾಂತ, ತಾನು ಅಪ್ಪಣೆ ಕೊಡದೆ ಆ ನಿಲ್ದಾಣದಿಂದ ಒಂದು ಚಕ್ರವೂ ಉರುಳುವುದಿಲ್ಲ ಎಂಬುದು.

ಅತ್ತೆಯದು ಖಂಡಿತವಾಗಿ ಮೊದಲನೆಯ ಜಾತಿ ಎಂದು ಅವನು ಎಂದೋ ತೀರ್ಮಾನಿಸಿದ್ದ. ದಾರದ ಉಂಡೆ ತರಲು ಅಂಗಡಿಗೆ ಹೋದರೆ, ಅಂಗಡಿಯವನ ಮಂಡಿನೋವಿನ ಸಮಗ್ರ ಇತಿಹಾಸ ತಿಳಿದುಕೊಂಡು ದಾರ ಮರೆತು ಬರುವ ಜೀವ ಅದು. ಇಂಥವರನ್ನು ಆ ಮಹಾನಗರದ ಜನಜಂಗುಳಿಗೆ ಕರೆದುಕೊಂಡು ಹೋದರೆ ರಜೆಯೆಲ್ಲ ಹುಡುಕುವುದರಲ್ಲೇ ಕಳೆದುಹೋಗುತ್ತದೆ. ಆದರೆ ಹಾಗೆಂದು ಹೆಂಡತಿಯ ಎದುರು ಹೇಳುವಷ್ಟು ಎದೆಗಾರಿಕೆ ಅವನಿಗಿರಲಿಲ್ಲ. ಆದ್ದರಿಂದ ಒಂದು ಉಪಾಯ ಹೂಡಿ, ಎಲ್ಲರೂ ಊಟಕ್ಕೆ ಕೂತಿದ್ದಾಗ ನಿಲ್ದಾಣದ ದನಿಯಲ್ಲಿ ಹೊರಹಾಕಿದ.

“ಎಲ್ಲರ ಗಮನಕ್ಕೆ! ಹೊರಡೋ ಮುಂಚೆ ಒಂದು ತಾಲೀಮು. ಭಾನುವಾರ ನನಗೆ ರಜೆ. ಮೂವರೂ ನಮ್ಮ ನಿಲ್ದಾಣದ ರಶ್‌ನಲ್ಲಿ ಓಡಾಡೋಣ. ಅಲ್ಲಿ ಯಾರು ತಪ್ಪಿಸ್ಕೋತಾರೋ ಅವರು ರಾಜಧಾನಿಗೆ ಬರೋ ಹಾಗಿಲ್ಲ. ಮನೇಲೇ ಇರಬೇಕು.”

“ಅಮ್ಮನ್ನ ಬಿಟ್ಟು ಹೋಗೋಕೆ ಇಷ್ಟೆಲ್ಲ ನಾಟಕ ಯಾಕೆ? ನೇರವಾಗಿ ಹೇಳಿ,” ಎಂದಳು ಹೆಂಡತಿ.

“ಇರಲಿ ಬಿಡೇ,” ಎಂದರು ಅತ್ತೆ. “ಅಳಿಯಂದ್ರು ಹೇಳೋದು ಸರಿಯಾಗೇ ಇದೆ. ನಂಗೂ ಅಭ್ಯಾಸ ಆದಂಗಾಗುತ್ತೆ.”

ಮರುದಿನ ಬೆಳಿಗ್ಗೆ ಮೈಕಪ್ಪ ಹಲ್ಲುಜ್ಜುತ್ತಾ ಹೊರಗೆ ಬಂದರೆ, ಅತ್ತೆ ಹೊಸ ಬೂಟು ಹಾಕಿಕೊಂಡು ಮನೆಯ ಮುಂದೆ ಅತ್ತಿಂದಿತ್ತ ನಡೆಯುತ್ತಿದ್ದರು. ಪಕ್ಕದ ಮನೆಯಾಕೆ ಮಾತಾಡಿಸಿದರೆ ತುಟಿಯ ಮೇಲೆ ಬೆರಳಿಟ್ಟು ತೋರಿಸಿ ಮುಂದೆ ಹೋದರು. ಅದನ್ನು ಕಂಡು ಅವನಿಗೆ ಒಳಗೊಳಗೇ ಚುರುಕ್ ಎಂದಿತು. ಆದರೆ ಬಾಯಿ ಮುಕ್ಕಳಿಸಿದ ಮೇಲೆ ಸರಿಹೋಯಿತು.

ಭಾನುವಾರ ನಿಲ್ದಾಣದ ಹೆಬ್ಬಾಗಿಲಲ್ಲಿ ಮೈಕಪ್ಪ ಸೇನಾಪತಿಯಂತೆ ನಿಂತು ನಿಯಮಗಳನ್ನು ಸಾರಿದ. ರಾಜಧಾನಿಯ ಜೇಬುಗಳ್ಳರು ಗಂಡಸರ ಜೇಬನ್ನೇ ಹುಡುಕುತ್ತಾರಾದ್ದರಿಂದ ಅವನ ಪರ್ಸು, ಫೋನು ಹೆಂಡತಿಯ ಚೀಲದಲ್ಲಿರಬೇಕು. ಯಾರಾದರೂ ತಪ್ಪಿಸಿಕೊಂಡರೆ ಉಳಿದವರು ಗಾಬರಿಯಾಗದೆ ಘೋಷಣೆಯ ಕೋಣೆಗೆ ಹೋಗಿ ಹೇಳಬೇಕು. ಅಂದು ಅವನ ಜಾಗದಲ್ಲಿ ಪಾಸು ಬರೆಯುವ ವಿಭಾಗದ ಹೆಂಗಸು ಕೂತಿದ್ದಳು.

ತಾಲೀಮು ಶುರುವಾಯಿತು. ಮೈಕಪ್ಪ ಮುಂದೆ, ಅತ್ತೆ ಹಿಂದೆ, ಹೆಂಡತಿ ಕೊನೆಗೆ. ಹಣ್ಣಿನವಳು “ಏನಮ್ಮಾ, ಆರಾಮಾ?” ಎಂದಳು, ಅತ್ತೆ ತುಟಿ ಬಿಚ್ಚಲಿಲ್ಲ. ಮೈಕಪ್ಪ ಹೆಜ್ಜೆ ಜೋರು ಮಾಡಿದ, ಅತ್ತೆಯೂ ಜೋರು ಮಾಡಿದರು. ಗುಂಪಿನೊಳಗೆ ನುಗ್ಗಿ, ಕಂಬ ಬಳಸಿ, ಸಾಮಾನಿನ ಕೋಣೆಯ ಹಿಂದಿನಿಂದ ಹಾದು ಬಂದು ತಿರುಗಿ ನೋಡಿದರೆ ಅತ್ತೆ ಏದುಸಿರು ಬಿಡುತ್ತಾ ಬೆನ್ನಿಗೇ ಅಂಟಿಕೊಂಡಿದ್ದರು. ಅವರ ಮುಖದಲ್ಲಿ ಪರೀಕ್ಷೆಯಲ್ಲಿ ಪಾಸಾದವರ ಹೆಮ್ಮೆ. ಮೈಕಪ್ಪನಿಗೆ ಮೈಯೆಲ್ಲ ಉರಿಯಿತು.

“ಇದೆಲ್ಲ ಏನೂ ಅಲ್ಲ. ಕಷ್ಟ ಇರೋದು ರೈಲು ಹತ್ತೋದ್ರಲ್ಲಿ,” ಎಂದ. “ರಾಜಧಾನಿಯಲ್ಲಿ ನೆಲದೊಳಗೆ ಓಡೋ ರೈಲಿನ ಬಾಗಿಲು ಕಣ್ಣು ಮಿಟುಕಿಸೋದ್ರೊಳಗೆ ಮುಚ್ಚಿಕೊಳ್ಳುತ್ತೆ. ನಿಂತು ಯೋಚನೆ ಮಾಡಿದವರು ಕೆಟ್ಟರು. ಮೊದಲು ನಾನು ಹತ್ತಿ ತೋರಿಸ್ತೀನಿ. ಆಮೇಲೆ ಅತ್ತೆ ಒಬ್ಬರೇ ಹತ್ತಿ ಇಳೀಬೇಕು.”

ಎದುರಿಗೊಂದು ಬಸ್ಸು ಗುರುಗುಟ್ಟುತ್ತಾ ನಿಂತಿತ್ತು.

“ರೀ, ಇಂಜಿನ್ ಶುರು ಮಾಡಿದ್ದಾರೆ,” ಎಂದಳು ಹೆಂಡತಿ.

“ಮಾಡಲಿ. ಘೋಷಣೆ ಆಗದೆ ಇಲ್ಲಿಂದ ಬಸ್ಸು ಹೊರಟಿದ್ದು ಇತಿಹಾಸದಲ್ಲೇ ಇಲ್ಲ!”

ಹೀಗೆ ಹೇಳಿ ಮೈಕಪ್ಪ ಒಂದೇ ನೆಗೆತಕ್ಕೆ ಬಸ್ಸಿನೊಳಗೆ ಹೋಗಿ, ತಿರುಗಿ ನಿಂತು, “ಹೀಗೆ!” ಎಂದ. ಬಾಗಿಲು ಬುಸ್ ಎಂದು ಮುಚ್ಚಿಕೊಂಡಿತು. ಇತಿಹಾಸ ಹೊರಟಿತು. ಗಾಜಿನಾಚೆ ಅತ್ತೆ ಎರಡೂ ಕೈ ಬೀಸುತ್ತಾ ಬಸ್ಸಿನ ಹಿಂದೆ ಓಡಿ ಬರುತ್ತಿದ್ದುದು ಒಂದು ಕ್ಷಣ ಕಂಡು ಮರೆಯಾಯಿತು.

“ನಿಲ್ಸಿ! ಘೋಷಣೆ ಇಲ್ದೆ ಹೇಗೆ ಹೊರಟ್ರಿ?”

“ಯಾವ ಘೋಷಣೆ?” ಎಂದ ಚಾಲಕ. “ಅದು ಒಳಗೆ ಎಲ್ಲಿ ಕೇಳ್ಸುತ್ತೆ? ನಾವು ಗಡಿಯಾರ ನೋಡ್ಕೊಂಡು ಹೊರಡ್ತೀವಿ.”

“ನಾನು ಯಾರು ಗೊತ್ತೇನ್ರೀ? ನಾನು ಮೈಕಪ್ಪ!”

“ಟಿಕೆಟ್ ತಗೊಳಿ ಮೈಕಪ್ಪನೋರೇ,” ಎಂದ ಕಂಡಕ್ಟರು. ಊರಿಗೆಲ್ಲ ಪರಿಚಯವಿದ್ದದ್ದು ಅವನ ದನಿ. ಮುಖ ಯಾರಿಗೂ ಗೊತ್ತಿರಲಿಲ್ಲ. ಜೇಬು ತಡಕಿದರೆ ಕರವಸ್ತ್ರ ಮಾತ್ರ ಸಿಕ್ಕಿತು. ಬಸ್ಸಿನವರೆಲ್ಲ ನೋಡುತ್ತಿರುವಂತೆಯೇ ಸೇತುವೆ ದಾಟಿದ ಮೇಲೆ ಅವನನ್ನು ಇಳಿಸಿಬಿಟ್ಟರು.

ಅಲ್ಲಿಂದ ಮೈಕಪ್ಪನ ಪಾದಯಾತ್ರೆ. ಮನೆಯಿಂದ ನಿಲ್ದಾಣದ ಹಿಂಬಾಗಿಲು, ಹಿಂಬಾಗಿಲಿಂದ ಮನೆ. ಇಷ್ಟು ಬಿಟ್ಟರೆ ಸ್ವಂತ ಊರಿನ ದಾರಿ ಅವನಿಗೆ ತಿಳಿದಿರಲಿಲ್ಲ. (ಅಂಕಣಗಳ ಸಂಖ್ಯೆ ಮಾತ್ರ ಬಾಯಿಪಾಠ.) ಒಂದು ಗಲ್ಲಿ ಹೊಕ್ಕ, ಅದು ಮರದ ಅಡ್ಡೆಗೆ ಹೋಗಿ ಮುಗಿಯಿತು. ಇನ್ನೊಂದು ಹೊಕ್ಕ, ಅದೂ ಸುತ್ತಿ ಬಳಸಿ ಅದೇ ಮರದ ಅಡ್ಡೆಗೆ ಬಂತು. ಕೊನೆಗೆ ಮಾನ ಬಿಟ್ಟು, ಪಂಕ್ಚರ್ ಹಾಕುತ್ತಿದ್ದವನ ಹತ್ತಿರ ಬಸ್ ನಿಲ್ದಾಣಕ್ಕೆ ದಾರಿ ಕೇಳಿದ.

“ಆ ಮೈಕಿನ ಸದ್ದು ಕೇಳ್ತಿದೆಯಲ್ಲ, ಅದನ್ನೇ ಹಿಡ್ಕೊಂಡು ಹೋಗಿ.”

ಹೋದ. ಹತ್ತಿರವಾದಂತೆ ಮಾತು ಸ್ಪಷ್ಟವಾಯಿತು. ಅದು ಪಾಸಿನ ಹೆಂಗಸಿನ ದನಿಯಲ್ಲ, ಅತ್ತೆಯ ದನಿ.

“ಅಣ್ಣಂದ್ರೇ, ಅಕ್ಕಂದ್ರೇ, ನಮ್ಮ ಅಳಿಯಂದ್ರು ಕಾಣಿಸ್ತಿಲ್ಲ. ಕಂದು ಬಣ್ಣದ ಅಂಗಿ ಹಾಕಿದ್ದಾರೆ. ನೆತ್ತಿ ಬೋಳು, ಪಕ್ಕದ ಕೂದಲು ಎಳೆದು ಮುಚ್ಚಿರ್ತಾರೆ, ಗಾಳಿ ಬಂದ್ರೆ ಗೊತ್ತಾಗುತ್ತೆ. ಜೇಬಲ್ಲಿ ಕಾಸಿಲ್ಲ, ಕೈಯಲ್ಲಿ ಫೋನಿಲ್ಲ. ಸಿಕ್ಕಿದವರು ದಯವಿಟ್ಟು ಗದರಿಸಬೇಡಿ. ಕೋಪ ಸ್ವಲ್ಪ ಜಾಸ್ತಿ, ಆದ್ರೆ ಮನುಷ್ಯ ಒಳ್ಳೆಯವರು. ಹಸಿವು ತಡ್ಕೊಳ್ಳಲ್ಲ. ಒಂದು ಬಿಸ್ಕತ್ತು ಕೊಟ್ಟು ಕೂರಿಸಿಕೊಂಡಿರಿ, ನಾನೇ ಬರ್ತೀನಿ.”

ತಲೆ ತಗ್ಗಿಸಿ ಹಿಂಬಾಗಿಲ ಕಡೆಗೆ ಜಾರಿಕೊಳ್ಳಬೇಕು ಎನ್ನುವಷ್ಟರಲ್ಲಿ ಒಂದು ಬಸ್ಸು ಭರ್ರೆಂದು ಪಕ್ಕದಲ್ಲೇ ಹಾದುಹೋಯಿತು. ಕೂದಲು ಎದ್ದು ನಿಂತಿತು. “ಇಲ್ಲಿದ್ದಾರೆ! ಸಿಕ್ಕಿದ್ರು!” ಎಂದು ಟೀ ಮಾರುವವನು ಕೂಗಿದ. ಯಾರೋ ಪುಣ್ಯಾತ್ಗಿತ್ತಿ ಅವನ ಕೈಗೆ ಬಿಸ್ಕತ್ತು ತುರುಕಿದಳು. ಭೂಮಿ ಬಾಯಿಬಿಟ್ಟು ನುಂಗಬಾರದೇ ಎನ್ನಿಸಿತು. ಅದರ ಬದಲು ಜನರೇ ಬಾಯಿಬಿಟ್ಟು ನಗುತ್ತಾ ಅವನನ್ನು ಮೆರವಣಿಗೆಯಲ್ಲಿ ಅವನದೇ ಕೋಣೆಗೆ ಕರೆತಂದರು.

ಪಾಸಿನ ಹೆಂಗಸು ಮುಖ ಬಿಗಿದುಕೊಂಡು ಅಡ್ಡ ನಿಂತಳು. “ಸಿಕ್ಕಿದವರನ್ನ ಸುಮ್ಮನೆ ಒಪ್ಪಿಸೋ ಹಾಗಿಲ್ಲ, ಕೇಳಿ ಖಾತ್ರಿ ಮಾಡ್ಕೋಬೇಕು. ನೀವೇ ಮಾಡಿದ ನಿಯಮ. ಹೇಳಿ, ಇವರು ನಿಮಗೆ ಏನಾಗಬೇಕು?” ಮೈಕು ಆರಿಸುವುದನ್ನು ಅವಳು ಮರೆತಿದ್ದಳು. (ಮರೆತಿರಲಿಲ್ಲ ಎಂದು ಮೈಕಪ್ಪ ಇಂದಿಗೂ ಹೇಳುತ್ತಾನೆ.)

“ಅತ್ತೆ,” ಎಂದ. ಹೊರಗೆ ಎಲ್ಲ ಅಂಕಣಗಳಲ್ಲೂ “ಅತ್ತೆ” ಎಂದು ಮೊಳಗಿತು.

“ಇವರ ಜೊತೆ ಹೋಗೋಕೆ ಇಷ್ಟ ಇದೆಯಾ?”

ಮೈಕಪ್ಪ ತಲೆ ಎತ್ತಿ ನೋಡಿದ. ಅತ್ತೆಯ ಕಣ್ಣುಗಳು ಕೆಂಪಾಗಿದ್ದವು. ಬಸ್ಸಿನ ಹಿಂದೆ ಓಡಿ ಮುಗ್ಗರಿಸಿರಬೇಕು, ಸೀರೆಯ ಅಂಚಿಗೆಲ್ಲ ಮಣ್ಣಾಗಿತ್ತು. ಅಳಿಯ ತಪ್ಪಿಸಿಕೊಂಡರೆ ತಮ್ಮ ಪ್ರಯಾಣ ಗಟ್ಟಿಯಾಯಿತೆಂದು ಅವರು ನಿಶ್ಚಿಂತೆಯಿಂದ ಇರಬಹುದಿತ್ತು. ಅದರ ಬದಲು ಅತ್ತಿದ್ದರು. ಅವರು ಹೀಗೇ ದಿಕ್ಕು ತಪ್ಪಿ ನಿಲ್ಲಲಿ ಎಂದು ತಾನು ಬೆಳಗಿನಿಂದ ಕಾದಿದ್ದು ನೆನಪಾಗಿ, ಹೊರಗಿನ ನಗುವಿಗಿಂತ ಹೆಚ್ಚಾಗಿ ಅದೇ ಅವನನ್ನು ಸುಟ್ಟಿತು. ಅಷ್ಟು ನಾಚಿಕೆ ಅವನಿಗೆ ಹುಟ್ಟಿದ ಮೇಲೆ ಆಗಿರಲಿಲ್ಲ.

“ಇದೆ,” ಎಂದ, ಸಣ್ಣ ದನಿಯಲ್ಲಿ.

“ಇಷ್ಟ ಇದ್ರೆ ಏನು ಬಂತು?” ಎಂದಳು ಹೆಂಡತಿ. “ನಿಯಮ ಅಂದ್ರೆ ನಿಯಮ. ತಪ್ಪಿಸ್ಕೊಂಡವರು ಮನೇಲಿ!”

“ಸುಮ್ನಿರೇ,” ಎಂದರು ಅತ್ತೆ, ಅವನ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡು. “ಒಬ್ಬರನ್ನೇ ಬಿಟ್ಟು ಹೋದ್ರೆ ನಾವು ಬರೋದ್ರೊಳಗೆ ಇನ್ನೆಲ್ಲಿಗೆ ಹೋಗಿರ್ತಾರೋ! ಇವತ್ತೇ ಮೂರು ಟಿಕೆಟ್ ತೆಗಿ. ಅವರನ್ನ ಕಿಟಕಿ ಪಕ್ಕ ಕೂರಿಸಿ, ಈಚೆ ನಾವಿಬ್ಬರೂ ಕೂತ್ಕೊಳ್ಳೋಣ. ಇಳಿದು ಹೋಗೋಕೆ ದಾರಿ ಇರಲ್ಲ.”

ಮೈಕು ಇದನ್ನೂ ಊರಿಗೆಲ್ಲ ಕೇಳಿಸಿತು. ಮುಂಗಡ ಟಿಕೆಟ್ ಕೊಡುವ ಪಕ್ಕದ ಕಿಟಕಿಯಿಂದ ಗುಮಾಸ್ತ ತಲೆ ಹೊರಗೆ ಹಾಕಿ, ಬಹಳ ಗಂಭೀರವಾಗಿ ಕೇಳಿದ:

“ಅಮ್ಮಾ, ಎರಡು ಫುಲ್ಲು, ಒಂದು ಹಾಫ್ ತಾನೇ?”

ಮೈಕಪ್ಪ ತಕರಾರು ಮಾಡಲಿಲ್ಲ. ಅವನ ಬಾಯಿ ತುಂಬ ಬಿಸ್ಕತ್ತಿತ್ತು.