ಮೂರು ನಿದ್ದೆಗೆ ಎಷ್ಟು ತಲೆ?

ಅಷ್ಟೂ ರಾದ್ಧಾಂತಕ್ಕೆ ಕಾರಣ ಒಂದು ಆಕಳಿಕೆ. ಅದೂ ಬೆರಳ ತುದಿಯಷ್ಟಿರುವ ಬಾಯಿಂದ ಬಂದ ಆಕಳಿಕೆ.

ಬೆಳಿಗ್ಗೆ ಒಂಬತ್ತೂವರೆ. ಕಟಿಂಗ್ ಶಾಪಿನ ಮೂಲೆಯ ತೊಟ್ಟಿಲಲ್ಲಿ ನಾಲ್ಕು ತಿಂಗಳ ಮಗಳು ಬಾಯಿ ತೆರೆದಳು, ಮುಚ್ಚಿದಳು, ಮುಷ್ಟಿಯಿಂದ ಕಣ್ಣು ಉಜ್ಜಿಕೊಂಡಳು. ಅಂಗಡಿಯ ಯಜಮಾನ, ಬೀದಿಯವರೆಲ್ಲ ಕತ್ತರಿಯಣ್ಣ ಎಂದು ಕರೆಯುವ ಬಡಪಾಯಿ, ಅದನ್ನು ಕಂಡು ಕೈಲಿದ್ದ ಬಾಚಣಿಗೆ ಬೀಳಿಸಿದ.

ಆ ಹೊತ್ತಿಗೆ ಅವನ ಹೆಂಡತಿ ತುಂಬಿದ ಬಸ್ಸಿನಲ್ಲಿ ಟಿಕೆಟ್ ಹರಿಯುತ್ತಿದ್ದಳು. ಬಾಣಂತನದ ರಜೆ ಮುಗಿದು ಅವತ್ತೇ ಮೊದಲ ದಿನ. ಕಂಡಕ್ಟರ್ ಕೆಲಸ ಅಂದರೆ ಅವಳಿಗೆ ಪ್ರಾಣ. ಡಿಪೋದವರು ಹಗಲು ಪಾಳಿ ಕೊಡಲು ಒಪ್ಪಿದ್ದರು. ಆದರೆ ಸಂಜೆ ಆರರೊಳಗೆ ಹೂಂ ಅನ್ನಬೇಕು, ಇಲ್ಲವಾದರೆ ಅದು ಇನ್ನೊಬ್ಬರ ಪಾಲು. ಹೊರಡುವಾಗ ಅವಳು ಬಾಗಿಲಲ್ಲೇ ನಿಂತು ಹೇಳಿದ್ದಳು:

"ರೀ, ಆಸ್ಪತ್ರೆ ಸಿಸ್ಟರ್ ಹೇಳಿದ್ದು ನೆನಪಿದೆ ತಾನೆ? ಒಂದೂವರೆ ಗಂಟೆ ಆಡ್ತಾಳೆ, ಆಮೇಲೆ ಮಲಗಲೇಬೇಕು. ಆಕಳಿಸಿದ್ರೆ, ಕಣ್ಣುಜ್ಜಿದ್ರೆ ಆಗಲೇ ಮಲಗಿಸಿಬಿಡಿ. ತಡ ಆಯ್ತೋ, ಸುಸ್ತು ತಲೆಗೇರಿ ಬೀದಿ ಎತ್ತಿ ಕೆಳಗಿಡ್ತಾಳೆ. ನಾನು ಬರೋದ್ರೊಳಗೆ ಮೂರು ನಿದ್ದೆ ಆಗಿರ್ಬೇಕು. ಆಯ್ತಾ, ನಾಳೆಯಿಂದ್ಲೂ ಕೆಲಸಕ್ಕೆ ಹೋಗ್ತೀನಿ. ಆಗ್ಲಿಲ್ವಾ, ಈ ಯೂನಿಫಾರ್ಮ್ ಇವತ್ತೇ ಮಡಚಿ ಇಡ್ತೀನಿ."

"ಅಯ್ಯೋ ಹೋಗೇ! ಈ ಬೀದಿಯ ಅಷ್ಟೂ ತಲೆ ಬಗ್ಗಿಸಿದೋನು ನಾನು. ಅಂಗೈ ಅಗಲದ ತಲೆ ಬಗ್ಗಿಸೋಕೆ ಆಗಲ್ವಾ?" ಎಂದು ಇವನು ಎದೆ ಉಬ್ಬಿಸಿದ್ದ.

ಈಗ ಆ ಎದೆ ಇಳಿಯಿತು. ಮಗುವನ್ನು ಎತ್ತಿಕೊಂಡು ತಟ್ಟಿದ.

"ಏನಯ್ಯಾ ಮಾಡ್ತಿದ್ದೀ?" ಬೆಂಚಿನ ಮೇಲಿಂದ ಮೇಷ್ಟ್ರು ಪೇಪರ್ ಇಳಿಸಿದರು. ನಿವೃತ್ತರಾದ ಮೇಲೆ ಅವರಿಗೆ ಈ ಅಂಗಡಿಯೇ ಶಾಲೆ. "ಹಗಲೆಲ್ಲ ಮಲಗಿಸಿದ್ರೆ ರಾತ್ರಿಗೆ ಏನು ಉಳಿಯುತ್ತೆ? ಎಬ್ಬಿಸಿ ಆಡಿಸು!"

"ನಿಮ್ಮ ತಲೆ!" ಮೆಟ್ಟಿಲ ಮೇಲಿಂದ ಮಹಡಿಯಜ್ಜಿಯ ದನಿ ಇಳಿಯಿತು, ಹಿಂದೆಯೇ ಅಜ್ಜಿಯೂ. "ಹಗಲು ನಿದ್ದೆ ಕೆಟ್ರೆ ರಾತ್ರಿ ನಿದ್ದೆನೂ ಕೆಡುತ್ತೆ. ಏಳು ಹೆತ್ತವಳು ನಾನು. ಹಾಡು ಹೇಳಪ್ಪಾ, ಗಟ್ಟಿಯಾಗಿ!"

"ಹಾಡು ಬೇಡ, ಫ್ಯಾನ್ ಜೋರಾಗಿಡು," ಎಂದ ಎದುರಿನ ಟೀ ಅಂಗಡಿಯವನು, ಸೌಟು ಹಿಡಿದುಕೊಂಡೇ ಒಳಗೆ ಬಂದು.

ಕತ್ತರಿಯಣ್ಣ ಹಾಡಿದ. ಅವನ ಹಾಡೆಂದರೆ ತುಕ್ಕು ಹಿಡಿದ ಬಾಗಿಲಿಗೆ ನೆಗಡಿಯಾದ ಹಾಗೆ. ಮಗು ಮುಖ ಕೆಂಪಗೆ ಮಾಡಿಕೊಂಡು ಕಿರುಚಿತು. ಮೇಷ್ಟ್ರು ಮಗುವಿಗಿಂತ ಗಟ್ಟಿಯಾಗಿ ಮಾತಾಡಿದರು, ಅಜ್ಜಿ ಮೇಷ್ಟ್ರಿಗಿಂತ ಗಟ್ಟಿಯಾಗಿ.

ಅಷ್ಟರಲ್ಲಿ ಪೋಸ್ಟ್‌ಮ್ಯಾನ್ ಬಂದು ಕುರ್ಚಿಗೆ ಬಿದ್ದ. "ಬೇಗ ಅಣ್ಣಾ, ಡ್ಯೂಟಿ ಮಧ್ಯ ಬಂದಿದ್ದೀನಿ. ಹಿಂದೆ ಸ್ವಲ್ಪ ತೆಗಿ, ಮುಂದೆ ಹಂಗೇ ಇರ್ಲಿ. ಅಂದ ಹಾಗೆ ನಮ್ಮ ಬಾಮೈದ..."

ಕತ್ತರಿಯಣ್ಣ ಮಗುವನ್ನು ತೊಟ್ಟಿಲಿಗೆ ಹಾಕಿ, ಒಂದು ಕಾಲಲ್ಲಿ ತೊಟ್ಟಿಲು ತೂಗುತ್ತ, ಇನ್ನೊಂದು ಕಾಲಲ್ಲಿ ನಿಂತು ಕತ್ತರಿ ಆಡಿಸಿದ. ಕಣ್ಣು ತೊಟ್ಟಿಲಲ್ಲಿ, ಕೈ ತಲೆಯಲ್ಲಿ. ಕತ್ತರಿ ಪೋಸ್ಟ್‌ಮ್ಯಾನ್‌ನ ಕಿವಿಯನ್ನು ಒಂದು ಕೂದಲೆಳೆಯಲ್ಲಿ ಬಿಟ್ಟು ಹಾರಿತು. ಬಾಮೈದನ ಕತೆ ಅಲ್ಲೇ ನಿಂತಿತು. ಕಿವಿ ಉಳಿಯಿತೋ ಹೋಯಿತೋ ಎಂದು ಮೇಷ್ಟ್ರು ಉಸಿರು ಹಿಡಿದು ನೋಡಿದರು. ಅಜ್ಜಿ ಸೆರಗು ಬಾಯಿಗಿಟ್ಟಳು. ಟೀ ಅಂಗಡಿಯವನ ಸೌಟು ಗಾಳಿಯಲ್ಲೇ ನಿಂತಿತು.

ಕಚಕ್, ಕಚಕ್, ಕಚಕ್.

ಮಗು ಅಳು ನಿಲ್ಲಿಸಿತು. ರೆಪ್ಪೆ ಜೋತುಬಿದ್ದವು. ಮಲಗಿಯೇಬಿಟ್ಟಿತು!

ಕತ್ತರಿಯಣ್ಣ ಕೈ ನಿಲ್ಲಿಸಿದ. "ಆಯ್ತಾ?" ಎಂದ ಪೋಸ್ಟ್‌ಮ್ಯಾನ್. ಮಗು ಮುಲುಗಿತು. ಇವನು ಗಾಬರಿಯಿಂದ ಮತ್ತೆ ಕಚಕ್ ಕಚಕ್ ಶುರುಮಾಡಿದ. ಪೋಸ್ಟ್‌ಮ್ಯಾನ್ ಕಲ್ಲಾದ, ಮಗು ಸುಮ್ಮನಾಯಿತು.

ಗುಟ್ಟು ಸಿಕ್ಕಿತು! ಕತ್ತರಿ ಸದ್ದೇ ಇವಳ ಜೋಗುಳ! ಎಷ್ಟಾದರೂ ಯಾರ ಮಗಳು?

ಮುಕ್ಕಾಲು ಗಂಟೆಯ ನಿದ್ದೆ ಮುಗಿಯುವಷ್ಟರಲ್ಲಿ ಪೋಸ್ಟ್‌ಮ್ಯಾನ್‌ನ ತಲೆ ಕೊಯ್ಲಾದ ಗದ್ದೆಯಂತಿತ್ತು. ಕನ್ನಡಿ ನೋಡಿ ಅವನು ಟೋಪಿ ಹುಡುಕಿದ. "ಮುಂದೆ ಹಂಗೇ ಇರ್ಲಿ ಅಂದಿದ್ನಲ್ಲೋ!"

"ಹಂಗೇ ಇದೆಯಲ್ಲ ಸಾರ್. ತಲೆ ಹಂಗೇ ಇದೆ, ಕೂದಲು ಮಾತ್ರ ಹೋಯ್ತು."

ಹನ್ನೆರಡಕ್ಕೆ ಸ್ವಲ್ಪ ಮೊದಲು ಎರಡನೇ ಆಕಳಿಕೆ ಬಂತು. ಕುರ್ಚಿ ಖಾಲಿ. ಕತ್ತರಿಯಣ್ಣ ತೊಟ್ಟಿಲ ಪಕ್ಕ ಕೂತು ಗಾಳಿಗೇ ಕಟಿಂಗ್ ಶುರುಮಾಡಿದ.

"ವೇಗ ಸಾಲದು," ಎಂದರು ಮೇಷ್ಟ್ರು.

"ವೇಗ ಅಲ್ಲ, ತಾಳ ತಪ್ಪಿದೆ," ಎಂದಳು ಅಜ್ಜಿ.

"ದೊಡ್ಡ ಕತ್ತರಿ ತಗೋ! ಪರಕೆ ಕತ್ತರಿಸಿ ನೋಡು! ಬ್ರಶ್ ಕತ್ತರಿಸಿ ನೋಡು!" ಎಂದ ಟೀ ಅಂಗಡಿಯವನು.

ಪರಕೆ ಹೋಯಿತು, ಬ್ರಶ್ ಹೋಯಿತು, ಕುರ್ಚಿಯ ಸೀಟಿನೊಳಗಿನ ನಾರೂ ಹೋಯಿತು. ಮಗು ಮಾತ್ರ ತಾರಸಿ ಹಾರುವಂತೆ ಅಳುತ್ತಿತ್ತು.

"ನನಗೆ ತಿಳೀತು," ಮೇಷ್ಟ್ರು ಬೆರಳೆತ್ತಿದರು. "ಮಗು ಜಾಣೆ ಕಣಯ್ಯಾ. ನಕಲಿ ಸದ್ದಿಗೆ ಮೋಸ ಹೋಗಲ್ಲ. ಅಸಲಿ ತಲೆನೇ ಬೇಕು."

ಹೇಳಿ ಮುಗಿಸಿದ ಮೇಲೆ ಅವರಿಗೆ ಅರ್ಥವಾಯಿತು, ಎಲ್ಲರೂ ಯಾವ ತಲೆ ನೋಡುತ್ತಿದ್ದಾರೆಂದು. ಎಪ್ಪತ್ತು ದಾಟಿದರೂ ಮೇಷ್ಟ್ರ ತಲೆಯೆಂದರೆ ಹತ್ತಿ ಮೂಟೆ ಒಡೆದಂತೆ. ದಿನಾ ಬೆಂಚಿನಲ್ಲಿ ಪೇಪರ್ ಓದಿದ್ದೇ ಹೊರತು ಅವರೆಂದೂ ಆ ಕುರ್ಚಿಯಲ್ಲಿ ಕೂತವರಲ್ಲ.

"ಮೇಷ್ಟ್ರೇ," ಅಜ್ಜಿ ಮೆತ್ತಗೆ ಹೇಳಿದಳು, "ಒಬ್ಬ ಹೆಣ್ಮಗಳ ಕೆಲಸದ ಪ್ರಶ್ನೆ. ಕೂದಲು ಮತ್ತೆ ಬರುತ್ತೆ. ನೌಕರಿ ಮತ್ತೆ ಬರುತ್ತಾ?"

ಮೇಷ್ಟ್ರು ಕನ್ನಡಕ ತೆಗೆದು ಅಜ್ಜಿಯ ಕೈಗಿಟ್ಟು, ಯುದ್ಧಕ್ಕೆ ಹೊರಟವರ ಹಾಗೆ ನಡೆದು ಕುರ್ಚಿ ಏರಿದರು.

ಕಚಕ್ ಕಚಕ್. ಹತ್ತಿ ಹಾರಿತು. ಅಷ್ಟು ವರ್ಷದ ಬೆಳೆ ನೆಲಕ್ಕೆ ಬೀಳುವುದನ್ನು ಕಂಡು ಯಾರ ಗಂಟಲಿಂದಲೂ ಸ್ವರ ಹೊರಡಲಿಲ್ಲ. ಎರಡೇ ನಿಮಿಷ, ಮಗು ಮಲಗಿತು.

ಮೇಷ್ಟ್ರ ತಲೆ ಮುಗಿಯಿತು, ನಿದ್ದೆ ಮುಗಿಯಲಿಲ್ಲ. ಟೀ ಅಂಗಡಿಯವನು ತಲೆ ಒಡ್ಡಿದ. ಪುಕ್ಕಟೆ ಕಟಿಂಗ್ ಎಂಬ ಸುದ್ದಿ ಬೀದಿಯ ತುದಿ ಮುಟ್ಟಿತು. ಸೈಕಲ್ ಶಾಪಿನವನು, ಬಡಗಿ, ಲಾರಿಯವರು, ಎಲ್ಲರೂ ಸಾಲು ನಿಂತರು. ಕತ್ತರಿಯಣ್ಣ ತೊಟ್ಟಿಲನ್ನೇ ನೋಡುತ್ತ ಕತ್ತರಿ ಬೀಸುವುದನ್ನು ಕಂಡು ಸಾಲಿನವರ ನಾಲಿಗೆ ಒಣಗಿತು. ಆದರೆ ಒಬ್ಬರೂ ಹಿಂದೆ ಸರಿಯಲಿಲ್ಲ. ಎರಡು ಗಂಟೆ ನಿದ್ದೆ, ಹದಿನೇಳು ತಲೆ! ಮಗು ನಗುತ್ತ ಎದ್ದು ಬಾಟಲಿ ಹಾಲು ಕುಡಿಯಿತು.

ಮೂರನೇ ಆಕಳಿಕೆ ಮೂರೂವರೆಗೆ. ಕತ್ತರಿಯಣ್ಣ ಬೀದಿಗೆ ಬಂದು ಕಣ್ಣು ಹಾಯಿಸಿದ. ಎಲ್ಲಿ ನೋಡಿದರೂ ಬೋಳು. ಉಳಿದದ್ದು ಒಂದೇ. ಅವನ ಕಣ್ಣು ಅತ್ತ ಹೊರಳುತ್ತಿದ್ದಂತೆ ಅಜ್ಜಿ ತುರುಬಿಗೆ ಎರಡೂ ಕೈ ಇಟ್ಟುಕೊಂಡಳು. "ಹುಷಾರ್! ನನ್ನ ತುರುಬಿನ ತಂಟೆಗೆ ಬಂದ್ಯೋ, ನಿನ್ನ ಕತ್ತರಿಯಿಂದ ನಿನ್ನ ಮೂಗು ಕೊಯ್ತೀನಿ!"

ಒಳಗೆ ಮಗು ರಾಗ ಎತ್ತಿತು. ಕತ್ತರಿಯಣ್ಣ ಕನ್ನಡಿ ನೋಡಿದ. ಅವನ ಅಂಗಡಿಗೆ ಬೋರ್ಡು ಇರಲಿಲ್ಲ. ಅಲೆಅಲೆಯಾಗಿ ಹಿಂದಕ್ಕೆ ಬಾಚಿದ ಅವನ ಕ್ರಾಪೇ ಬೋರ್ಡು. ಮದುವೆಯ ಮಾತುಕತೆಯಲ್ಲಿ ಹೆಂಡತಿ ಒಪ್ಪಿದ್ದೂ ಅದನ್ನೇ ನೋಡಿ. ಅವನು ತಾನೇ ಕುರ್ಚಿಯಲ್ಲಿ ಕೂತ, ಹಣೆಯ ಮೇಲಿನ ದೊಡ್ಡ ಅಲೆಯನ್ನು ಹಿಡಿದ, ಕಣ್ಣು ಮುಚ್ಚಿದ.

ಕಚಕ್.

ಇಡೀ ಬೀದಿ ಬಾಗಿಲಲ್ಲಿ ನಿಂತು ನೋಡಿತು, ಸೂಜಿ ಬಿದ್ದರೂ ಕೇಳುವಂತೆ. ಮೂರನೇ ನಿದ್ದೆ ಬಂತು.

ಐದಕ್ಕೆ ಹೆಂಡತಿ ಬಂದಳು. ಬೀದಿಯ ತಿರುವಿನಲ್ಲೇ ನಿಂತುಬಿಟ್ಟಳು. ಎರಡೂ ಬದಿ ಕಲ್ಲಂಗಡಿ ರಾಶಿ ಹಾಕಿದಂತೆ ತಲೆಗಳು, ಒಂದೊಂದೂ ಹಲ್ಲು ಕಿರಿಯುತ್ತಿವೆ. ಅಂಗಡಿ ಬಾಗಿಲಲ್ಲಿ ಗುರುತೇ ಸಿಗದ ಗಂಡ, ಅವನ ತೋಳಲ್ಲಿ ಕೇಕೆ ಹಾಕುವ ಮಗಳು.

"ಮೂರು!" ಎಂದ ಕತ್ತರಿಯಣ್ಣ.

"ಮೂರು!" ಎಂದು ಬೀದಿ ಕೂಗಿತು.

ಅವಳು ಗಂಡನ ಬೋಳುತಲೆ ಸವರಿದಳು. ಕಣ್ಣು ತುಂಬಿತು. ಫೋನ್ ತೆಗೆದು, "ಸಾರ್, ಹಗಲು ಪಾಳಿ ನನಗೇ ಇರ್ಲಿ. ನಾಳೆಯಿಂದ್ಲೂ ಬರ್ತೀನಿ," ಎಂದಳು. ಟೀ ಅಂಗಡಿಯವನು ಸೌಟಿನಿಂದ ಪಾತ್ರೆ ಬಾರಿಸಿದ. ಬೋಳು ಮೇಷ್ಟ್ರು ಬೋಳು ಪೋಸ್ಟ್‌ಮ್ಯಾನ್‌ನನ್ನು ತಬ್ಬಿಕೊಂಡರು. ಕತ್ತರಿಯಣ್ಣನನ್ನು ಹೆಗಲ ಮೇಲೆ ಕೂರಿಸಿಕೊಂಡು ಬೀದಿಗೆ ಒಂದು ಸುತ್ತು ಹಾಕಿದರು. ದೇಶ ಗೆದ್ದ ರಾಜನಿಗೂ ಅಂಥ ಮೆರವಣಿಗೆ ಸಿಕ್ಕಿರಲಾರದು.

ಎಲ್ಲರೂ ಅಂಗಡಿಗೆ ಮರಳಿ ಹರಟುತ್ತಿರುವಾಗ ಮಗು ಮತ್ತೆ ಆಕಳಿಸಿತು. ಸಂಜೆಯ ಸಣ್ಣ ನಿದ್ದೆ. ಕತ್ತರಿಯಣ್ಣ ತಟ್ಟನೆ ಕತ್ತರಿಗೆ ಕೈ ಹಾಕಿದ.

"ಅದ್ಯಾಕೆ?" ಎಂದಳು ಹೆಂಡತಿ.

"ಅಸಲಿ ತಲೆ ಕತ್ತರಿಸೋ ಸದ್ದು ಇಲ್ದಿದ್ರೆ ಇವಳು ಮಲಗಲ್ಲ ಕಣೇ."

ಹೆಂಡತಿ ತಿರುಗಿ ನಿಂತು, ತುಂಬಿದ ಬಸ್ಸಿನಲ್ಲಿ ಪುಂಡರನ್ನು ನೋಡುವಂತೆ ಒಮ್ಮೆ ಎಲ್ಲರನ್ನೂ ನೋಡಿದಳು. ತುಟಿಯ ಮೇಲೆ ಬೆರಳಿಟ್ಟಳು. ಅಂಗಡಿ ಗಪ್‌ಚಿಪ್. ಮಗುವನ್ನು ತೊಟ್ಟಿಲಲ್ಲಿಟ್ಟಳು. ಎರಡು ನಿಮಿಷಕ್ಕೆ ಮಗು ನಿದ್ದೆ.

ಕತ್ತರಿಯಣ್ಣನ ಕಣ್ಣು ಹೊರಬಂತು. "ಕತ್ತರಿ ಇಲ್ದೆ?"

"ಅಲ್ಲ ರೀ," ಅವಳು ಪಿಸುಗುಟ್ಟಿದಳು, "ಕುರ್ಚೀಲಿ ಕೂತಾಗ ಇವರಲ್ಲಿ ಒಬ್ಬರಾದ್ರೂ ಮಾತಾಡಿದ್ರಾ?"

"ಕಿವಿ ಪಕ್ಕ ಕತ್ತರಿ ಇರೋವಾಗ ಯಾರಮ್ಮಾ ಬಾಯಿ ಬಿಡ್ತಾರೆ?" ಎಂದ ಪೋಸ್ಟ್‌ಮ್ಯಾನ್, ಅವನೂ ಪಿಸುದನಿಯಲ್ಲೇ.

"ಅಷ್ಟೇ. ಅವಳು ಮಲಗಿದ್ದು ಕತ್ತರಿ ಸದ್ದಿಗಲ್ಲ. ನಿಮ್ಮ ಬಾಯಿ ಮುಚ್ಚಿದ್ದಕ್ಕೆ." ಅಷ್ಟು ಹೇಳಿ ಅವಳು ಬಟ್ಟೆ ಬದಲಿಸಲು ಅಂಗಡಿಯ ಹಿಂದಿನ ಮನೆಯೊಳಗೆ ಹೋದಳು.

ಹತ್ತೊಂಬತ್ತು ಕೈಗಳು ಹತ್ತೊಂಬತ್ತು ಬೋಳುತಲೆಗಳ ಮೇಲೆ ನಿಧಾನವಾಗಿ ಹರಿದಾಡಿದವು.

"ಹಾಗಾದ್ರೆ ನಾಳೆಯಿಂದ ಎಲ್ಲರೂ ಮೌನ," ಎಂದರು ಮೇಷ್ಟ್ರು. "ನಾನು ವೇಳಾಪಟ್ಟಿ ಹಾಕ್ತೀನಿ."

"ಮೌನಕ್ಕೆಂಥ ವೇಳಾಪಟ್ಟಿ?" ಎಂದಳು ಅಜ್ಜಿ. "ನೀವೊಬ್ರು ಸುಮ್ಮನಿದ್ರೆ ಸಾಕು!"

"ಸುಮ್ಮನಿರೋದು ಹೇಗೆ ಅಂತ ನನ್ನ ಕೇಳಿ!" ಟೀ ಅಂಗಡಿಯವನು ದನಿ ಏರಿಸಿದ.

ಸೈಕಲ್ ಶಾಪಿನವನು ಸೇರಿಕೊಂಡ, ಬಡಗಿ ಸೇರಿಕೊಂಡ. ತೊಟ್ಟಿಲಿಂದ ಸೂರು ಹಾರುವಂಥ ಅಳು ಎದ್ದಿತು. ಕತ್ತರಿಯಣ್ಣ ಕತ್ತರಿ ಎತ್ತಿಕೊಂಡು ಒಂದು ತಲೆಯಿಂದ ಇನ್ನೊಂದು ತಲೆಗೆ ಓಡಿದ. ಅಷ್ಟೂ ಬಾಯಿಗಳು ತೆರೆದೇ ಇದ್ದವು. ಮುಚ್ಚಿಸೋಣವೆಂದರೆ, ಅಜ್ಜಿಯ ತುರುಬೊಂದು ಬಿಟ್ಟು ಬೀದಿಯಲ್ಲಿ ಒಂದೆಳೆ ಕೂದಲೂ ಉಳಿದಿರಲಿಲ್ಲ.